ಅಪ್ಪ-ಅವ್ವನಿಗೆ ಯಾವುದು ಹೊಂದುತ್ತೆ: ವಾಕಿಂಗೋ, ಯೋಗವೋ, ಕುರ್ಚಿ ಕಸರತ್ತೋ?

ನಮ್ಮ ಅವ್ವನಿಗೆ ಈಗ 74. ಹತ್ತು ವರ್ಷದಿಂದ ದಿನಾ ಮುಂಜಾನೆ ಹುಬ್ಬಳ್ಳಿಯ ಉಣಕಲ್ ಕೆರೆ ಕಡೆ ವಾಕಿಂಗ್ ಹೋಗುತ್ತಾಳೆ. ಜೋರು ಮಳೆ ಇದ್ದರೆ ಮಾತ್ರ ತಪ್ಪುತ್ತದೆ. ಹೋದ ವರ್ಷ ಶ್ರಾವಣದಲ್ಲಿ ಪೂಜೆ ಮುಗಿಸಿ ನೆಲದಿಂದ ಏಳಲು ಹೋದವಳು ಏಳಲಾಗದೆ ಹಾಗೇ ಕೂತುಬಿಟ್ಟಳು. ಬಿದ್ದಿರಲಿಲ್ಲ, ಎಲ್ಲೂ ನೋವೂ ಇರಲಿಲ್ಲ.

"ಯಾಕವ್ವಾ, ಏನಾತು?" ಅಂದೆ.

"ಏನಿಲ್ಲವಾ, ತೊಡಿಯಾಗ ಕಸುವ ಇಲ್ಲ," ಅಂದಳು.

ದಿನಾ ಅಷ್ಟು ನಡೆಯುವವಳಿಗೆ ಕಾಲಲ್ಲಿ ಕಸುವು ಇಲ್ಲ ಅಂದ್ರೆ ಹೇಗೆ? ಆ ಪ್ರಶ್ನೆ ತಲೆಯಲ್ಲಿ ಉಳಿಯಿತು. ಅವತ್ತಿನಿಂದ ವಯಸ್ಸಾದವರ ಆರೋಗ್ಯದ ಬಗ್ಗೆ ನಡೆದ ಸಂಶೋಧನೆಗಳನ್ನು ಓದುತ್ತಾ, ಮನೆಯಲ್ಲಿ ಒಂದೊಂದೇ ಮಾಡಿ ನೋಡುತ್ತಾ ಬಂದಿದ್ದೇನೆ. ನಿಮ್ಮ ಮನೆಯಲ್ಲೂ 65 ದಾಟಿದವರು ಇದ್ದರೆ, ಅವರಿಗೆ ಯಾವುದನ್ನು ಆರಿಸಬೇಕು ಅನ್ನೋದಕ್ಕೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ಅವರನ್ನೇ ಒಂದು ಮಾತು ಕೇಳಿ

ವಿಶ್ವಸಂಸ್ಥೆ 2021ರಿಂದ 2030ರವರೆಗಿನ ಹತ್ತು ವರ್ಷವನ್ನು ಆರೋಗ್ಯಕರ ವೃದ್ಧಾಪ್ಯದ ದಶಕ ಅಂತ ಕರೆದಿದೆ. ಇದರ ಹಿಂದೆ ಇರೋದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಮುಂದಿಟ್ಟ ಒಂದು ಸರಳ ವಿಚಾರ. ಕಾಯಿಲೆ ಇಲ್ಲದಿರೋದೇ ಆರೋಗ್ಯಕರ ವೃದ್ಧಾಪ್ಯ ಅಲ್ಲ. ಬಿಪಿ ಇರಲಿ, ಶುಗರ್ ಇರಲಿ, ತನಗೆ ಮುಖ್ಯ ಅನಿಸಿದ್ದನ್ನು ಮಾಡಿಕೊಂಡು ಬದುಕುವ ಶಕ್ತಿ ಉಳಿದಿದ್ದರೆ ಅದೇ ಆರೋಗ್ಯ. ನನಗೆ ಈ ಮಾತು ತುಂಬಾ ಹಿಡಿಸಿತು. ಯಾಕಂದ್ರೆ ಆಯ್ಕೆ ಶುರುವಾಗಬೇಕಾದ್ದು ಇಲ್ಲಿಂದ. ಅವರಿಗೆ ಏನು ಮಾಡಲು ಆಗಬೇಕು? ಮಕ್ಕಳಾದ ನಾವು ನಮಗೆ ಸರಿ ಅನಿಸಿದ್ದನ್ನು ಹೇರುತ್ತೇವೆ. ಅವರ ಮನಸ್ಸಿನಲ್ಲಿ ಇರೋದು ಬೇರೆಯೇ ಇರುತ್ತದೆ.

ಅವ್ವನನ್ನು ಕೇಳಿದೆ. ಯೋಚನೆ ಮಾಡದೆ ಹೇಳಿದಳು: "ಗದಗಿಗೆ ತಂಗಿ ಮನಿಗೆ ಒಬ್ಬಾಕಿನ ಬಸ್ ಹತ್ತಿ ಹೋಗಬೇಕು." ಧಾರವಾಡಕ್ಕೆ ಹೋಗೋದು ಅವಳಿಗೆ ಕಷ್ಟವೇ ಅಲ್ಲ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿಗೆ ನಿಲ್ದಾಣದ ಕಟ್ಟೆ ಮತ್ತು ಬಸ್ಸಿನ ನೆಲ ಒಂದೇ ಮಟ್ಟದಲ್ಲಿವೆ, ಸುಮ್ನೆ ಒಳಗೆ ನಡೆದರಾಯಿತು. ಗದಗಿನ ಬಸ್ಸು ಹಾಗಲ್ಲ. ಮೊದಲ ಮೆಟ್ಟಿಲೇ ಮೊಣಕಾಲಿನ ಎತ್ತರಕ್ಕೆ ಬರುತ್ತದೆ. ಅದನ್ನು ಹತ್ತಲು ಒಂದು ಕಾಲಿನ ಮೇಲೆ ಇಡೀ ಮೈಭಾರ ಎತ್ತಬೇಕು. ಕೆರೆ ದಂಡೆಯ ಸಮತಟ್ಟು ದಾರಿಯಲ್ಲಿ ಎಷ್ಟು ನಡೆದರೂ ಈ ಕೆಲಸ ಕಾಲಿಗೆ ಅಭ್ಯಾಸ ಆಗೋದಿಲ್ಲ. ನನ್ನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಮನೆಯಲ್ಲೇ ಒಂದು ಪರೀಕ್ಷೆ

ಯಾವುದನ್ನೂ ಶುರು ಮಾಡುವ ಮುಂಚೆ ಈಗಿನ ಸ್ಥಿತಿ ಗೊತ್ತಿರಬೇಕು. ಗಟ್ಟಿ ಕುರ್ಚಿಯ ಮೇಲೆ ಕೂರಿಸಿ. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟುಕೊಳ್ಳಲಿ. ಕೈ ಊರದೆ ಐದು ಸಲ ಪೂರ್ತಿ ಎದ್ದು ನಿಂತು ಕೂರಲಿ. ವಿಶ್ವ ಆರೋಗ್ಯ ಸಂಸ್ಥೆ ಹಿರಿಯರ ತಪಾಸಣೆಗೆ ಕೊಟ್ಟ ಅಳತೆ 14 ಸೆಕೆಂಡು. ಅಷ್ಟರಲ್ಲಿ ಮುಗಿಯದಿದ್ದರೆ ಕಾಲಿನ ಬಲದ ಕಡೆ ಗಮನ ಕೊಡಬೇಕು ಅಂತ ಅರ್ಥ. ಅಮೆರಿಕದಲ್ಲಿ ಬೀಳುವ ಅಪಾಯ ನೋಡಲು ಇದನ್ನೇ ಸ್ವಲ್ಪ ಬೇರೆ ರೀತಿ ಮಾಡಿಸುತ್ತಾರೆ: 30 ಸೆಕೆಂಡಿನಲ್ಲಿ ಎಷ್ಟು ಸಲ ಏಳುತ್ತಾರೆ ಅಂತ ಎಣಿಸುತ್ತಾರೆ. 70ರಿಂದ 74ರ ನಡುವಿನ ಹೆಂಗಸರು 10ಕ್ಕಿಂತ ಕಡಿಮೆ, ಗಂಡಸರು 12ಕ್ಕಿಂತ ಕಡಿಮೆ ಸಲ ಎದ್ದರೆ ಬೀಳುವ ಅಪಾಯ ಜಾಸ್ತಿ ಅಂತ ಲೆಕ್ಕ.

ಪರೀಕ್ಷೆ ಮಾಡಿಸುವಾಗ ನೀವು ಪಕ್ಕದಲ್ಲೇ ನಿಂತಿರಿ. ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಹಗುರ ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ, ಟೈಲ್ಸ್ ನೆಲದ ಮೇಲೆ ಅದರ ಕಾಲು ಜಾರುತ್ತದೆ.

ಅವ್ವ ಮೊದಲ ದಿನ ಮೂರು ಸಲ ಎದ್ದಳು. ನಾಲ್ಕನೆಯದಕ್ಕೆ ಕೈ ತಾನಾಗಿಯೇ ಕುರ್ಚಿಯ ತೋಳಿಗೆ ಹೋಯಿತು. ಹತ್ತು ವರ್ಷ ವಾಕಿಂಗ್ ಮಾಡಿದವಳು!

ವಾಕಿಂಗ್: ಒಳ್ಳೇದೇ, ಆದ್ರೆ ಅದೊಂದೇ ಸಾಲದು

ನಮ್ಮ ಕಡೆ ವಾಕಿಂಗಿಗೆ ಜಾಗದ ಕೊರತೆ ಇಲ್ಲ. ಹುಬ್ಬಳ್ಳಿಯಲ್ಲಿ ಉಣಕಲ್, ತೋಳನಕೆರೆ, ನೃಪತುಂಗ ಬೆಟ್ಟ, ಇಂದಿರಾ ಗಾಜಿನ ಮನೆ. ಧಾರವಾಡದಲ್ಲಿ ಕೆಲಗೇರಿ ಕೆರೆ, ವಿಶ್ವವಿದ್ಯಾಲಯದ ಮರಗಳ ನೆರಳು. ಗದಗಿನವರಿಗೆ ಭೀಷ್ಮ ಕೆರೆ. ಖರ್ಚು ಅಂದ್ರೆ ಒಂದು ಜೊತೆ ಒಳ್ಳೆ ಶೂ. ಹೃದಯಕ್ಕೆ, ಶುಗರ್ ಹಿಡಿತಕ್ಕೆ, ನಿದ್ದೆಗೆ, ಮನಸ್ಸಿಗೆ ವಾಕಿಂಗ್ ಒಳ್ಳೇದು. ಅದರಲ್ಲಿ ಎರಡು ಮಾತಿಲ್ಲ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗಲೇಬೇಕು ಅಂತ ಫೋನ್ ಹಿಡಿದು ಒದ್ದಾಡುವ ಹಿರಿಯರನ್ನು ನೋಡಿದ್ದೇನೆ. ಆ ಸಂಖ್ಯೆ ಬಂದದ್ದು ವೈದ್ಯರಿಂದಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಬಂದದ್ದು. 2019ರಲ್ಲಿ ಅಮೆರಿಕದಲ್ಲಿ ಸರಾಸರಿ 72 ವಯಸ್ಸಿನ ಸುಮಾರು 17 ಸಾವಿರ ಹೆಂಗಸರ ಹೆಜ್ಜೆ ಲೆಕ್ಕ ಹಾಕಿದ ಅಧ್ಯಯನ ಪ್ರಕಟವಾಯಿತು. ದಿನಕ್ಕೆ 2,700 ಹೆಜ್ಜೆ ನಡೆಯುವವರಿಗಿಂತ 4,400 ನಡೆಯುವವರಲ್ಲಿ ಸಾವಿನ ಪ್ರಮಾಣ ಸಾಕಷ್ಟು ಕಡಿಮೆ ಇತ್ತು. 7,500ರ ಆಚೆ ಹೆಚ್ಚಿನ ಲಾಭ ಕಾಣಲಿಲ್ಲ. ಹಾಗಾಗಿ ಮನೆಯಲ್ಲೇ ಕೂತಿರುವ ಅಜ್ಜ ಅಜ್ಜಿಗೆ ಇನ್ನೊಂದೂವರೆ ಸಾವಿರ ಹೆಜ್ಜೆ ಸೇರಿಸಿದರೂ ಅದು ಸಣ್ಣ ಮಾತಲ್ಲ.

ಆದರೆ ಬೀಳೋದನ್ನು ತಡೆಯುವ ವಿಷಯಕ್ಕೆ ಬಂದರೆ ವಾಕಿಂಗ್ ಹಿಂದೆ ಬೀಳುತ್ತದೆ. ವೈದ್ಯಕೀಯ ಸಂಶೋಧನೆಗಳನ್ನು ಕೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2019ರಲ್ಲಿ 108 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ಅದರಲ್ಲಿ 23 ಸಾವಿರಕ್ಕೂ ಜಾಸ್ತಿ ಹಿರಿಯರಿದ್ದರು. ಸಮತೋಲನದ ಅಭ್ಯಾಸ, ಎದ್ದು ಕೂರುವಂಥ ದಿನನಿತ್ಯದ ಚಲನೆಯ ಅಭ್ಯಾಸ ಮಾಡಿದವರಲ್ಲಿ ಬೀಳುವ ಪ್ರಮಾಣ ಶೇ. 24ರಷ್ಟು ಇಳಿಯಿತು. ಇದಕ್ಕೆ ಬಲದ ಕಸರತ್ತೂ ಸೇರಿದಂತೆ ಹಲವು ಬಗೆ ಕೂಡಿಸಿದಾಗ ಶೇ. 34ರವರೆಗೆ ಇಳಿದಿರಬಹುದು ಅಂತ ಕಂಡಿತು. ಬರೀ ವಾಕಿಂಗಿನಿಂದ ಬೀಳೋದು ಕಡಿಮೆಯಾಗುತ್ತೆ ಅಂತ ಹೇಳಲು ಸಾಕಷ್ಟು ಆಧಾರ ಸಿಗಲಿಲ್ಲ. ಇದನ್ನು ಓದಿದಾಗ ಅವ್ವನ ನಾಲ್ಕನೆಯ ಸಲದ ಕೈ ನೆನಪಾಯಿತು.

ಕುರ್ಚಿ ಕಸರತ್ತು: ನಾನು ಮೊದಲು ಆರಿಸೋದು ಇದನ್ನೇ

ಬಲದ ಕಸರತ್ತು ಅಂದ ಕೂಡಲೇ ಜಿಮ್, ಡಂಬೆಲ್ಸ್, ಹುಡುಗರು ನೆನಪಾಗುತ್ತಾರೆ. "ಈ ವಯಸ್ಸಿನಾಗ ಇದೆಲ್ಲಾ ಯಾಕ" ಅಂತ ಹಿರಿಯರೇ ಹೇಳುತ್ತಾರೆ. ಅವರಿಗೆ ಹೇಳಲು ನನ್ನ ಹತ್ತಿರ ಒಂದು ಕಥೆ ಇದೆ. 1990ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಅಮೆರಿಕದ ಬಾಸ್ಟನ್ನಿನ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ 86ರಿಂದ 96 ವಯಸ್ಸಿನ ಹತ್ತು ಮಂದಿಗೆ ಎಂಟು ವಾರ ತೊಡೆಯ ಬಲದ ಕಸರತ್ತು ಮಾಡಿಸಿದರು. ಹಗುರದ್ದಲ್ಲ, ಕಷ್ಟ ಅನಿಸುವಷ್ಟು ಭಾರ ಇಟ್ಟು. ಪೂರ್ತಿ ಮಾಡಿದವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಏರಿತು. 90ರ ಆಸುಪಾಸಿನವರಲ್ಲಿ! ತಂಡ ತೀರಾ ಚಿಕ್ಕದು, ನಿಜ. ಅದನ್ನು ನಡೆಸಿದ ಸಂಶೋಧಕಿಯೇ 100 ಮಂದಿಯ ಮೇಲೆ ಮತ್ತೆ ನೋಡಿದರು, ಅದರ ಫಲ 1994ರಲ್ಲಿ ಬಂತು. ಕೆಲವರಿಗೆ ಕಸರತ್ತು, ಕೆಲವರಿಗೆ ಪೌಷ್ಟಿಕ ಪಾನೀಯ, ಕೆಲವರಿಗೆ ಎರಡೂ, ಕೆಲವರಿಗೆ ಎರಡೂ ಇಲ್ಲ. ಹತ್ತು ವಾರದಲ್ಲಿ ಕಸರತ್ತು ಮಾಡಿದವರ ಬಲ ಎರಡು ಪಟ್ಟು ದಾಟಿತು. ಬರೀ ಪಾನೀಯ ಕುಡಿದವರ ನಿಶ್ಶಕ್ತಿ ಕಡಿಮೆಯಾಗಲಿಲ್ಲ. ಪ್ರೋಟೀನ್ ಪೌಡರಿನ ಡಬ್ಬಿ ತಂದುಕೊಟ್ಟು "ಅವ್ವಾ, ಇದನ್ನ ಕುಡಿ" ಅಂದು ಕೆಲಸಕ್ಕೆ ಹೋಗುವ ನನ್ನಂಥ ಮಕ್ಕಳು ಇದನ್ನು ಗಮನಿಸಬೇಕು.

ಮನೆಯಲ್ಲಿ ನಾವು ಮಾಡಿದ್ದು ಹೀಗೆ. ಅವ್ವನಿಗೆ ಸಾದಾ ಎತ್ತರದ ಕುರ್ಚಿಯಿಂದ ಮೂರು ಸಲಕ್ಕಿಂತ ಜಾಸ್ತಿ ಏಳಲು ಆಗುತ್ತಿರಲಿಲ್ಲ ಅಲ್ವಾ, ಅದರ ಮೇಲೆ ಗಟ್ಟಿ ದಿಂಬು ಒಂದು ಇಟ್ಟೆವು. ಕೂರುವ ಜಾಗ ನಾಲ್ಕು ಬೆರಳು ಎತ್ತರ ಆಯಿತು. ಅಲ್ಲಿಂದ ಎಂಟು ಸಲ ಎದ್ದಳು. ಏಳೋದಕ್ಕಿಂತ ಕೂರೋದು ಮುಖ್ಯ. ದಪ್ಪಂತ ಬೀಳಬಾರದು, ಮನಸ್ಸಿನಲ್ಲಿ ಮೂರು ಎಣಿಸುತ್ತಾ ನಿಧಾನ ಇಳಿಯಬೇಕು. ಏಳುವಾಗ ಉಸಿರು ಬಿಡಬೇಕು, ಬಿಗಿ ಹಿಡಿಯಬಾರದು. ಎರಡು ನಿಮಿಷ ಬಿಟ್ಟು ಮತ್ತೆ ಎಂಟು. ಹತ್ತು ಸಲ ಸಲೀಸಾದ ಮೇಲೆ ದಿಂಬು ತೆಗೆದೆವು. ಅದೂ ಸಲೀಸಾದ ಮೇಲೆ ಒಂದು ಲೀಟರಿನ ನೀರಿನ ಬಾಟಲಿಯನ್ನು ಎದೆಗೆ ಅವಚಿಕೊಂಡು ಎದ್ದಳು. ಕೊನೆಯ ಎರಡು ಸಲ ಕಷ್ಟ ಅನಿಸಬೇಕು, ಅದು ಲೆಕ್ಕ. ಆರಾಮ ಅನಿಸಿದರೆ ಬಲ ಬೆಳೆಯೋದಿಲ್ಲ. ಇದರ ಜೊತೆ ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸೋದು, ಹೊಸ್ತಿಲ ಹತ್ತಿರದ ಮೆಟ್ಟಿಲ ಮೇಲೆ ಒಂದೊಂದೇ ಕಾಲಿಟ್ಟು ಹತ್ತಿ ಇಳಿಯೋದು. ಎಲ್ಲಾ ಸೇರಿ ಇಪ್ಪತ್ತು ನಿಮಿಷ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು.

ಇದರ ಕೊರತೆ ಏನು? ಒಬ್ಬರೇ ಮಾಡಲು ಬೇಜಾರು. ವಾಕಿಂಗಿನಲ್ಲಿ ಗೆಳತಿಯರು ಸಿಗುತ್ತಾರೆ, ಇಲ್ಲಿ ಗೋಡೆ ನೋಡಿಕೊಂಡು ಎದ್ದು ಕೂರಬೇಕು. ಎರಡನೇ ವಾರ ಅವ್ವ ಬಿಟ್ಟೇಬಿಟ್ಟಳು. ಮತ್ತೆ ಹಿಡಿದದ್ದು ನಾನೂ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತ ಮೇಲೆ.

ಯೋಗ: ಯಾರು ಕಲಿಸುತ್ತಾರೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ

ಯೋಗದ ಬಗ್ಗೆ ನಮ್ಮಲ್ಲಿ ಪ್ರೀತಿ ಇದೆ. ಸಂಶೋಧನೆಯೂ ಅದನ್ನು ತಳ್ಳಿಹಾಕೋದಿಲ್ಲ. 2023ರಲ್ಲಿ ಬಂದ ಒಂದು ದೊಡ್ಡ ಪರಿಶೀಲನೆಯಲ್ಲಿ, ಯೋಗ ಮಾಡಿದ ಹಿರಿಯರ ನಡಿಗೆಯ ವೇಗ ಮತ್ತು ಕುರ್ಚಿಯಿಂದ ಏಳುವ ಬಲ ಸುಧಾರಿಸಿದ್ದು ಕಂಡಿತು. ಆದರೆ ಆಸನ ಬಗೆಬಗೆ ಇವೆ. ಶವಾಸನ, ಪ್ರಾಣಾಯಾಮ ಮನಸ್ಸಿಗೆ ಹಿತ, ಅದರಿಂದ ತೊಡೆಗೆ ಬಲ ಬರೋದಿಲ್ಲ. ತಾಡಾಸನ, ಉತ್ಕಟಾಸನ, ವೀರಭದ್ರಾಸನ, ಗೋಡೆ ಹಿಡಿದು ವೃಕ್ಷಾಸನ, ಇವು ಬಲಕ್ಕೂ ಸಮತೋಲನಕ್ಕೂ ಆಗುತ್ತವೆ. ನಿಮ್ಮ ತಂದೆ ಹೋಗುವ ತರಗತಿಯಲ್ಲಿ ನಿಂತು ಮಾಡುವ ಆಸನ ಎಷ್ಟು ಇವೆ, ಒಮ್ಮೆ ಹೋಗಿ ನೋಡಿ.

ಮೂಳೆ ಟೊಳ್ಳಾದವರು, ಅಂದ್ರೆ ಆಸ್ಟಿಯೊಪೊರೋಸಿಸ್ ಇದ್ದವರು, ಬೆನ್ನು ಪೂರ್ತಿ ಬಗ್ಗಿಸುವ ಪಶ್ಚಿಮೋತ್ತಾನಾಸನದಂಥವು ಮಾಡಬಾರದು, ಬೆನ್ನುಮೂಳೆ ಕುಸಿಯುವ ಭಯ ಇದೆ. ಕಣ್ಣಿನ ಒತ್ತಡ ಅಂದ್ರೆ ಗ್ಲಾಕೋಮಾ ಇದ್ದವರಿಗೆ ತಲೆ ಕೆಳಗಾಗುವ ಆಸನ ಬೇಡ. ನನ್ನ ಪರಿಚಯದ ಒಬ್ಬ ಕಾಕಾ 70ರಲ್ಲಿ ಒಂದು ಶಿಬಿರಕ್ಕೆ ಹೋದರು. ನೂರು ಜನಕ್ಕೆ ಮೈಕಿನಲ್ಲಿ ಒಂದೇ ಸಮ ಹೇಳಿಕೊಡುತ್ತಿದ್ದರಂತೆ. ಪಕ್ಕದ ಹುಡುಗನ ಹಾಗೆ ಬಗ್ಗಲು ಹೋಗಿ ಎರಡು ತಿಂಗಳು ಸೊಂಟ ಹಿಡಿದುಕೊಂಡಿತು. ಹತ್ತು ಹನ್ನೆರಡು ಜನರ ಚಿಕ್ಕ ತರಗತಿ, "ನಿಮಗೆ ಏನಾದ್ರೂ ತೊಂದರೆ ಇದೆಯಾ" ಅಂತ ಮೊದಲೇ ಕೇಳುವ ಗುರು, ಇವೆರಡು ಸಿಕ್ಕರೆ ಧೈರ್ಯವಾಗಿ ಕಳಿಸಿ.

ನಿಧಾನವಾಗಿ ಮೈ ಕೈ ಆಡಿಸುವ ಚೀನಾದ ಕಸರತ್ತು ತೈ ಚಿಯನ್ನೂ ಹೇಳಬೇಕು. ಕಾಕ್ರೇನ್ ಪರಿಶೀಲನೆಯಲ್ಲಿ ಅದು ಬೀಳೋದನ್ನು ಶೇ. 19ರಷ್ಟು ಇಳಿಸಿರಬಹುದು ಅಂತ ಕಂಡಿತ್ತು. ನಾನು ಹುಡುಕಿದಾಗ ಹತ್ತಿರದಲ್ಲಿ ಕಲಿಸುವವರು ಸಿಗಲಿಲ್ಲ. ನಿಮಗೆ ಸಿಕ್ಕರೆ ಬಿಡಬೇಡಿ.

ಹೊಲ-ಮನೆ ಕೆಲಸ ಸಾಕಲ್ವಾ?

ಹಳ್ಳಿಯಿಂದ ಬಂದವರೆಲ್ಲ ಕೇಳುವ ಪ್ರಶ್ನೆ ಇದು. ನನ್ನ ಮಾವನವರು ಹಾವೇರಿ ಕಡೆಯವರು. 76ರವರೆಗೆ ಹೊಲಕ್ಕೆ ಹೋದರು. ಕುಕ್ಕರಗಾಲಲ್ಲಿ ಕೂತು ಕಸ ತೆಗೆಯೋರು, ಮೆಣಸಿನಕಾಯಿ ಚೀಲ ಜರುಗಿಸೋರು. ಅವರ ಕಾಲಿನ ಬಲಕ್ಕೆ ಯಾವ ಕುರ್ಚಿಯೂ ಬೇಕಿರಲಿಲ್ಲ. ನಾನು ಓದಿದ ಈ ಪ್ರಯೋಗಗಳಲ್ಲಿ ಹೆಚ್ಚಿನವು ನಡೆದದ್ದು ಹೊರದೇಶಗಳಲ್ಲಿ. ನೆಲದ ಮೇಲೆ ಕೂತು ಏಳುವ, ಕುಕ್ಕರಗಾಲಲ್ಲಿ ಕೂರುವ ನಮ್ಮ ರೂಢಿಯೇ ಒಂದು ಕಸರತ್ತು ಅಂತ ನನಗೆ ಅನಿಸುತ್ತದೆ.

ತೊಂದರೆ ಶುರುವಾಗೋದು ಆ ಕೆಲಸ ಒಮ್ಮೆಲೇ ನಿಂತಾಗ. ಅತ್ತೆ ತೀರಿಕೊಂಡ ಮೇಲೆ ಮಾವನವರನ್ನು ಹುಬ್ಬಳ್ಳಿಗೆ ಕರೆತಂದೆವು. "ಇನ್ನ ಆರಾಮ ಇರ್ರಿ ಮಾವಾರ" ಅಂದೆವು. ಮೂರನೇ ಮಹಡಿಯ ಮನೆ, ಸೋಫಾ, ಟಿವಿ, ಕಮೋಡು. ಆರು ತಿಂಗಳಲ್ಲಿ ಗೋಡೆ ಹಿಡಿದು ನಡೆಯಲು ಶುರು ಮಾಡಿದರು. ಪ್ರೀತಿಯಿಂದ ಮಾಡಿದ ತಪ್ಪು ಅದು. 2007ರ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನು ಹತ್ತೇ ದಿನ ಹಾಸಿಗೆಯಲ್ಲಿ ಮಲಗಿಸಿದ್ದಕ್ಕೆ ಕಾಲಿನಿಂದ ಸುಮಾರು ಒಂದು ಕಿಲೋ ಸ್ನಾಯು ಕರಗಿತ್ತು. ಊರಿನಿಂದ ತಂದೆತಾಯಿಯನ್ನು ಕರೆತರುವವರು ದಯವಿಟ್ಟು ಅವರ ಕೈಯಿಂದ ಕೆಲಸ ಕಸಿದುಕೊಳ್ಳಬೇಡಿ. ತಾರಸಿಯ ಕುಂಡಗಳಿಗೆ ನೀರು ಹಾಕಲಿ, ಮಾರ್ಕೆಟ್ಟಿನಿಂದ ಕಾಯಿಪಲ್ಯ ತರಲಿ. ಮಾವನವರಿಗೆ ಈಗ ತಾರಸಿಯ ಮೇಲಿನ ಮೆಂತ್ಯ, ಕೊತ್ತಂಬರಿ ಅವರದ್ದೇ ಜವಾಬ್ದಾರಿ. ದಿನಕ್ಕೆ ಎರಡು ಸಲ ಮೆಟ್ಟಿಲು ಹತ್ತುತ್ತಾರೆ, ಕಟಾಂಜನ ಹಿಡಿದು.

ಹಾಗಾದ್ರೆ ಯಾರಿಗೆ ಯಾವುದು?

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ಹೀಗಿದೆ: 65 ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವೇಗದ ಚಟುವಟಿಕೆ, ಕನಿಷ್ಠ ಎರಡು ದಿನ ಬಲದ ಕಸರತ್ತು, ಮೂರು ದಿನ ಸಮತೋಲನ ಮತ್ತು ಬಲ ಸೇರಿದ ಅಭ್ಯಾಸ ಮಾಡಬೇಕು. ಇದನ್ನು ಗುರಿಯಾಗಿ ಇಟ್ಟುಕೊಳ್ಳಿ. ಮೊದಲ ದಿನವೇ ಇಷ್ಟು ಮಾಡಿಸಲು ಹೋಗಬೇಡಿ.

ಐದು ಸಲ ಏಳೋದು 14 ಸೆಕೆಂಡಿನಲ್ಲಿ ಮುಗಿಯದವರಿಗೆ ಕುರ್ಚಿ ಕಸರತ್ತು ಮೊದಲು, ವಾಕಿಂಗ್ ಆಮೇಲೆ. ಆರಾಮಾಗಿ ಎದ್ದು ಕೂರುವವರು, ಆದರೆ ಸ್ವಲ್ಪ ನಡೆದರೂ ಏದುಸಿರು ಬರುವವರು ವೈದ್ಯರಿಗೆ ತೋರಿಸಿ ವಾಕಿಂಗಿನಿಂದ ಶುರು ಮಾಡಲಿ. ಒಂದು ಸಲ ಬಿದ್ದವರಿಗೆ ಸಮತೋಲನ ಮುಖ್ಯ, ಸಾಧ್ಯವಾದರೆ ಕೆಲವು ದಿನ ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತು ಮನೆಯಲ್ಲಿ ಮುಂದುವರಿಸಲಿ. ಮೊಣಕಾಲು ನೋವಿನವರು ಕಸರತ್ತನ್ನೇ ಬಿಟ್ಟುಬಿಡುತ್ತಾರೆ. ತೊಡೆಯ ಬಲ ಬಂದರೆ ಆ ನೋವು ಕಡಿಮೆಯಾಗುವ ಸಾಧ್ಯತೆಯೇ ಜಾಸ್ತಿ. ಎತ್ತರದ ಕುರ್ಚಿಯಿಂದ ಶುರು ಮಾಡಿ ನೋಡಲಿ.

ಒಬ್ಬಂಟಿಯಾಗಿ ಇರುವವರ ವಿಷಯ ಬೇರೆ. ಅವರಿಗೆ ಕಸರತ್ತಿಗಿಂತ ಮೊದಲು ಜೊತೆ ಬೇಕು. ಭಜನಾ ಮಂಡಳಿ ಇರಲಿ, ಉದ್ಯಾನದ ಹರಟೆಯ ಗುಂಪು ಇರಲಿ, ಮೊದಲು ಅಲ್ಲಿಗೆ ಕಳಿಸಿ. ಅಲ್ಲಿಗೆ ನಡೆದುಕೊಂಡು ಹೋಗಿ ಬರೋದೇ ಅವರ ವಾಕಿಂಗ್ ಆಗುತ್ತದೆ.

ಎಲ್ಲಾ ಕೂಡಿಸಿದರೆ ಏನಾಗುತ್ತೆ ಅನ್ನೋದಕ್ಕೂ ಪ್ರಯೋಗ ಇದೆ. 2014ರಲ್ಲಿ ಅಮೆರಿಕದಲ್ಲಿ 70ರಿಂದ 89ರ ನಡುವಿನ 1,635 ಜನರ ಮೇಲೆ ನಡೆದ ಪ್ರಯೋಗದ ಫಲ ಬಂತು. ಅರ್ಧ ಮಂದಿ ವಾಕಿಂಗ್ ಜೊತೆ ಬಲ, ಸಮತೋಲನದ ಕಸರತ್ತು ಮಾಡಿದರು. ಉಳಿದವರು ಆರೋಗ್ಯದ ಪಾಠ ಕೇಳಿದರು. ಸುಮಾರು ಎರಡೂವರೆ ವರ್ಷದಲ್ಲಿ, 400 ಮೀಟರ್ ನಡೆಯುವ ಶಕ್ತಿ ಕಳೆದುಕೊಂಡವರು ಪಾಠ ಕೇಳಿದವರಲ್ಲಿ ಶೇ. 35.5, ಕಸರತ್ತು ಮಾಡಿದವರಲ್ಲಿ ಶೇ. 30.1. ಅಂತರ ದೊಡ್ಡದು ಅನಿಸೋದಿಲ್ಲ. ಆದರೆ ನೂರರಲ್ಲಿ ಐದು ಮನೆಯ ಅಜ್ಜ ಅಜ್ಜಿ ತಾವೇ ಅಂಗಡಿಗೆ ಹೋಗಿ ಬರುತ್ತಾರೆ ಅಂದ್ರೆ ಆ ಐದು ಮನೆಗೆ ಅದು ಎಷ್ಟು ದೊಡ್ಡದು, ಅಲ್ವಾ?

ಊಟದ ಬಗ್ಗೆ ಚಿಕ್ಕದಾಗಿ. ಹಿರಿಯರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಅಂತ 2013ರಲ್ಲಿ ತಜ್ಞರ ಒಂದು ಗುಂಪು ಹೇಳಿದೆ. ಕಿಡ್ನಿ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಜಾಸ್ತಿ ಮಾಡಬೇಕು. ರೊಟ್ಟಿ ಜೊತೆ ಬರೀ ಪಲ್ಯ ಸಾಲದು. ಹೆಸರುಕಾಳು, ಮಡಿಕೆಕಾಳಿನ ಪಲ್ಯ, ಝುಣಕ, ಶೇಂಗಾ ಚಟ್ನಿ, ಗಟ್ಟಿ ಮೊಸರು ತಟ್ಟೆಯಲ್ಲಿ ಇರಲಿ. ಹಲ್ಲಿಲ್ಲದವರಿಗೆ ಕಾಳನ್ನು ಮೆತ್ತಗೆ ಬೇಯಿಸಿ ಕಟ್ಟಿನ ಸಾರಿನ ಜೊತೆ ಕೊಡಿ.

ಎಚ್ಚರಿಕೆಯ ಮಾತು: ನಡೆಯುವಾಗ ಎದೆ ನೋವು ಬಂದರೆ, ಬಿಪಿ ಹಿಡಿತದಲ್ಲಿ ಇಲ್ಲದಿದ್ದರೆ, ಇತ್ತೀಚೆಗೆ ಆಪರೇಷನ್ ಆಗಿದ್ದರೆ ಮೊದಲು ವೈದ್ಯರ ಹತ್ತಿರ ಹೋಗಿ. ಬಿಪಿ ಮಾತ್ರೆ ತಗೊಳ್ಳುವ ಕೆಲವರಿಗೆ ಎದ್ದ ಕೂಡಲೇ ತಲೆ ಸುತ್ತುತ್ತದೆ, ಎದ್ದು ಎರಡು ಉಸಿರು ನಿಂತು ಮುಂದೆ ಹೆಜ್ಜೆ ಇಡಲಿ. ಇನ್ಸುಲಿನ್ ತಗೊಳ್ಳುವವರ ಜೇಬಿನಲ್ಲಿ ಸಕ್ಕರೆಯೋ ಬೆಲ್ಲವೋ ಇರಲಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಪಾಚಿ ಕಟ್ಟಿದ ಫುಟ್‌ಪಾತ್ ಮೇಲೆ ವಾಕಿಂಗ್ ಬೇಡ, ಆ ದಿನ ಮನೆಯ ಪಡಸಾಲೆಯೇ ಸಾಕು.

ಅವ್ವನ ಲೆಕ್ಕ ಕ್ಯಾಲೆಂಡರಿನ ಮೇಲೆ ಇದೆ. ಮೂರನೇ ತಿಂಗಳಿಗೆ ಐದು ಸಲ 19 ಸೆಕೆಂಡು. ಐದನೇ ತಿಂಗಳಿಗೆ 15. ಹೋದ ತಿಂಗಳು ಹುಬ್ಬಳ್ಳಿ ಬಸ್ ನಿಲ್ದಾಣಕ್ಕೆ ಅವಳ ಜೊತೆ ಹೋಗಿದ್ದೆ. ಗದಗಿನ ಬಸ್ಸಿನ ಬಾಗಿಲಲ್ಲಿ ಬಲಗೈಯಿಂದ ಕಂಬಿ ಹಿಡಿದಳು. ಎಡಗೈಯಲ್ಲಿ ತಂಗಿಗೆ ಅಂತ ಮಾಡಿದ ಶೇಂಗಾ ಹೋಳಿಗೆಯ ಡಬ್ಬಿ. ನಾನು ಹಿಂದಿನಿಂದ ಕೈ ಚಾಚಿದೆ. "ಬ್ಯಾಡ, ಬಿಡು," ಅಂದು ಒಂದು ಸಲ ನಿಂತು, ಹತ್ತಿದಳು. ಸಂಜೆ ಗದಗಿನಿಂದ ಫೋನ್ ಮಾಡಿ ಹೇಳಿದ್ದು ಇಷ್ಟೇ: "ಬರೂದ್ರಾಗ ಇನ್ನೊಂದು ತುಸು ಗಿಡ್ಡ ಕುರ್ಚಿ ತಂದಿಡು. ಇದು ಹಗೂರಾಗೈತಿ."